ರೌಟರ್ ಯಾವುದು ಅನ್ನೋಕೆ ಮುಂಚೆ ಎಲ್ಲಿ ಅಂತ ಕೇಳಿ

ಮನೆಗೆ ಕುಕ್ಕರ್ ತರುವಾಗ ಎಷ್ಟು ಲೀಟರಿನದು ಬೇಕು ಅಂತ ನಮ್ಮನ್ನ ಕೇಳ್ತಾರೆ. ಗ್ರೈಂಡರ್ ತರುವಾಗ ಕೇಳ್ತಾರೆ, ನೀರಿನ ಡ್ರಮ್ ತರುವಾಗಲೂ ಕೇಳ್ತಾರೆ. ಯಾಕಂದ್ರೆ ಮನೇಲಿ ಎಷ್ಟು ಜನ ಉಣ್ತಾರೆ, ಯಾರು ಯಾವ ಹೊತ್ತಿಗೆ ಉಣ್ತಾರೆ, ಹಬ್ಬಕ್ಕೆ ಎಷ್ಟು ಜನ ಬಂದು ಸೇರ್ತಾರೆ ಅನ್ನೋ ಲೆಕ್ಕ ನಮ್ಮ ತಲೇಲೇ ಇರೋದು. ವೈಫೈ ಡಬ್ಬಿ ಲೆಕ್ಕ ಇದಕ್ಕಿಂತ ಏನು ಬೇರೆ? ಯಾರು ಎಲ್ಲಿ ಕೂತ್ಕೊಂಡು, ಯಾವ ಹೊತ್ತಲ್ಲಿ, ಏನು ನೋಡ್ತಾರೆ ಅಂತ ಮನೆಯೊಳಗೆ ಇರೋರಿಗೆ ತಾನೆ ಗೊತ್ತಿರೋದು? ಆದ್ರೂ ಅದನ್ನ ತರೋಕೆ ಮಾವನೋ ಮೈದುನನೋ ಕೋಟೆಗೆ ಹೋಗ್ತಾರೆ, ಅಂಗಡಿಯವನು "ಇದಕ್ಕೆ ಆರು ಕೊಂಬು ಅವೆ ಅಣ್ಣ, ಊರಿಗೆಲ್ಲ ಸಾಕು" ಅಂತಾನೆ, ತಗೊಂಡು ಬಂದು ಜಗುಲಿ ಗೋಡೆಗೆ ಮೊಳೆ ಹೊಡೀತಾರೆ. ಮುಗೀತು.

ಈಚೆಗೆ ನನ್ನ ಕೇಳಿದೋರು ಮೂರು ಜನ. ಸರಗೂರಿನ ಚಿಕ್ಕವ್ವ, ಹುಣಸೂರಿನ ನಾದಿನಿ, ಇಲ್ಲೇ ಎದುರು ಮನೆ ಅಕ್ಕ. ಮೂರು ಜನದ್ದೂ ಒಂದೇ ಪ್ರಶ್ನೆ: "ನಮ್ಮನೇಲಿ ಹದಿನೈದು ಸಾಮಾನು ಕನೆಕ್ಟ್ ಆಗವೆ ಕಣವ್ವ, ಯಾವ ರೌಟರ್ ತಗೊಬೇಕು ಹೇಳು." ನಾನು ಯಾವ ಕಂಪನಿ ಹೆಸರೂ ಹೇಳ್ಲಿಲ್ಲ. ಈಗಿರೋ ಡಬ್ಬಿ ಎಲ್ಲದೆ ಅಂತ ಕೇಳಿದೆ. ಮೂರು ಮನೇಲೂ ಜಗುಲಿ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಮ್ಮ ಬೀದೀಲಿ ಫೈಬರ್ ಬಂದ ಮನೆಗಳನ್ನ ಒಂದೊಂದೇ ನೋಡಿದ್ದೀನಿ. ವೈರ್ ಬರೋದು ರಸ್ತೆ ಕಂಬದಿಂದ. ಕನೆಕ್ಷನ್ ಕೊಡೋಕೆ ಬಂದ ಹುಡುಗನಿಗೆ ಸಂಜೆಯೊಳಗೆ ಇನ್ನೂ ನಾಲ್ಕು ಮನೆ ಮುಗಿಸೋದಿರ್ತದೆ. ವೈರ್ ಎಲ್ಲಿ ಒಳಗೆ ತೂರಿತೋ ಅಲ್ಲೇ ಡಬ್ಬಿ, ಕ್ಯಾಲೆಂಡರ್ ಕೆಳಗೆ. ಜಗುಲೀಲಿ ಕೂರೋರು ಗಂಡಸರು, ಅವರ ಫೋನಲ್ಲಿ ಗೆರೆ ಪೂರ್ತಿ ತುಂಬಿರ್ತದೆ. ನಡುಮನೆ ದಾಟಿ ಅಡುಗೆಮನೆಗೆ ಬರೋ ಹೊತ್ತಿಗೆ ಎರಡು ಗೆರೆ. ಹಿಂದುಗಡೆ ಕೋಣೇಲಿ ಓದೋ ಹುಡುಗಿಗೆ ಒಂದು ಗೆರೆ, ಅದೂ ಬಂದ್ರೆ ಬಂತು. ವೈಫೈ ಸರಿಯಿಲ್ಲ ಅಂತ ನಾವು ಅಂದ್ರೆ "ಇಲ್ಲಿ ಚೆಂದಾಗೇ ಬತ್ತಾ ಅದಲ್ಲ" ಅಂತಾರೆ. ಅವರು ಸುಳ್ಳೇನೂ ಹೇಳ್ತಿಲ್ಲ, ಅಲ್ಲಿ ಚೆಂದಾಗೇ ಬರ್ತದೆ. ಆಮೇಲೆ ಎಲ್ಲಾರೂ ಸೇರ್ಕೊಂಡು, ಡಬ್ಬಿ ಹಳೇದಾಯ್ತು, ದೊಡ್ಡದು ತರೋಣ ಅಂತ ತೀರ್ಮಾನ ಮಾಡ್ತಾರೆ. ದೊಡ್ಡದು ಬಂದು ಅದೇ ಮೊಳೆಗೆ ನೇತು ಬೀಳ್ತದೆ.

ಮೈಸೂರು ಬೆಂಗಳೂರಲ್ಲಾದ್ರೆ ಇದು ಬರೀ ಕಿರಿಕಿರಿ. ನಮ್ಮಲ್ಲಿ ಹಂಗಲ್ಲ. ಎನ್. ಬೇಗೂರು ಅನ್ನೋದು ಬಂಡೀಪುರ ಹುಲಿ ಕಾಡಿನ ಒಂದು ವಲಯದ ಹೆಸರೂ ಹೌದು, ಕಾಡು ಎಷ್ಟು ಹತ್ರ ಅಂತ ಅದರಲ್ಲೇ ಗೊತ್ತಾಗ್ತದೆ. ಆನೆ ಬರ್ತದೆ, ಚಿರತೆ ಬರ್ತದೆ. ಮಣ್ಣಿನ ಗೋಡೆ ಒಳಗೆ ಮೊಬೈಲ್ ಟವರ್ ಸಿಗದ ಮನೆಗಳು ನಮ್ಮ ಬೀದೀಲೇ ಇವೆ. ಅಲ್ಲಿ ಹೆಣ್ಣುಮಕ್ಕಳು ಏನು ಮಾಡ್ತಾರೆ? ಕತ್ತಲಾದ ಮೇಲೂ ಫೋನ್ ಹಿಡ್ಕೊಂಡು ಹಿತ್ತಲಿಗೋ ರಸ್ತೆಗೋ ಬಂದು ನಿಂತ್ಕೋತಾರೆ. ಜಗುಲಿ ಗಂಡಸರಿಂದ ತುಂಬಿರ್ತದಲ್ಲ, ಅಲ್ಲಿ ಕೂತ್ಕೊಂಡು ತವರುಮನೆ ಮಾತು ಆಡೋಕಾಗ್ತದಾ? ಅಂಗನವಾಡಿ ಟೀಚರಮ್ಮ ಪೋಷಣ್ ಟ್ರ್ಯಾಕರ್‌ಗೆ ಮಕ್ಕಳ ಹಾಜರಿ, ತೂಕ ಎಲ್ಲ ಹಾಕೋಕೆ ಕಾಂಪೌಂಡ್ ಹತ್ರ ಕೈ ಮೇಲೆತ್ತಿ ನಿಂತಿದ್ದು ನಾನೇ ನೋಡಿದ್ದೀನಿ. ಆನೆ ಬೇಲಿ ಮುರಿದು ಬರೋ ಊರಲ್ಲಿ ಸಿಗ್ನಲ್‌ಗೋಸ್ಕರ ಹೆಂಗಸು ರಾತ್ರಿ ಆಚೆ ನಿಲ್ಲಬಾರದು. ನಾನು ಇಷ್ಟು ಬರೀತಾ ಇರೋದು ಅದಕ್ಕೇನೇ, ಸೀರಿಯಲ್ ನಿಂತು ನಿಂತು ಬರ್ತದೆ ಅಂತಲ್ಲ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈಗಿನ ಸ್ಮಾರ್ಟ್‌ಫೋನ್‌ಗಳಲ್ಲಿ ವೈಫೈ ಕಾಲಿಂಗ್ ಅಂತ ಒಂದು ಸೆಟಿಂಗ್ ಇರ್ತದೆ. ದೊಡ್ಡ ಕಂಪನಿಗಳು ನಮ್ಮ ದೇಶದಲ್ಲಿ ಇದನ್ನ 2019ರ ಕೊನೆ, 2020ರ ಶುರುವಲ್ಲಿ ಕೊಟ್ಟವು. ಅದನ್ನ ಆನ್ ಮಾಡಿದ್ರೆ ಟವರ್ ಇಲ್ಲದಿದ್ರೂ ಮಾಮೂಲಿ ನಂಬರಿಗೆ ಮಾಮೂಲಿ ಕರೆ ಹೋಗ್ತದೆ, ವಾಟ್ಸಾಪ್ ಕೂಡ ಬೇಕಿಲ್ಲ. ರಾತ್ರಿ ಎರಡು ಗಂಟೇಲಿ ಮಾವನಿಗೆ ಎದೆ ಹಿಡ್ಕೊಂಡ್ರೆ, ಬಾಣಂತಿಗೆ ಜ್ವರ ಏರಿದ್ರೆ, ಮಲಗೋ ಕೋಣೆಯಿಂದಲೇ ಕಾರಿನವನಿಗೆ ಫೋನ್ ಮಾಡಬಹುದು. ಆದ್ರೆ ಮಲಗೋ ಕೋಣೆಗೆ ವೈಫೈ ಬರ್ಬೇಕಲ್ಲ.

ಈಗ ಎಣಿಸೋಣ. ನಮ್ಮ ಮನೇಲಿ ಫೋನ್ ಎಂಟು, ಟಿವಿ ಎರಡು, ಲ್ಯಾಪ್‌ಟಾಪ್ ಒಂದು, ಮಕ್ಕಳ ಟ್ಯಾಬ್ ಒಂದು, ಕ್ಯಾಮೆರಾ ಎರಡು (ಕೊಟ್ಟಿಗೇಲಿ ಒಂದು, ಮುಂಬಾಗಿಲಲ್ಲಿ ಒಂದು), ಅಳಿಯ ತಂದುಕೊಟ್ಟ ಮಾತಾಡೋ ಸ್ಪೀಕರ್ ಒಂದು. ಹದಿನೈದು ಆಯ್ತು. ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರ್ ಲೆಕ್ಕಕ್ಕಿಲ್ಲ, ಅದು ಸಿಮ್ಮಲ್ಲಿ ಓಡೋದು. ಮಾವನ ಬಟನ್ ಫೋನೂ ಇಲ್ಲ.

ಹದಿನೈದು ಅಂದ ತಕ್ಷಣ ಗಾಬರಿ ಬೀಳಬೇಡಿ. ಹದಿನೈದು ಜನ ಮನೇಲಿದ್ದಾರೆ ಅಂದ್ರೆ ಹದಿನೈದೂ ಜನ ಒಂದೇ ಸಲ ಉಣ್ಣೋಕೆ ಕೂರ್ತಾರಾ? ಬೆಳಿಗ್ಗೆ ಹತ್ತು ಗಂಟೇಲಿ ನಮ್ಮನೇಲಿ ಕೆಲಸ ಮಾಡ್ತಿರೋವು ಎರಡೋ ಮೂರೋ. ಸಂಜೆ ಏಳರಿಂದ ಒಂಬತ್ತೂವರೆ, ಅದೇ ದೊಡ್ಡ ಪಂತಿ. ಆಗ ಎರಡು ಟಿವಿ ಓಡ್ತಿರ್ತವೆ, ಮಗಳ ಕ್ಲಾಸ್ ನಡೀತಿರ್ತದೆ, ನಾದಿನಿ ವಿಡಿಯೋ ಕಾಲ್‌ನಲ್ಲಿರ್ತಾಳೆ, ಇಬ್ಬರು ಮೂವರು ರೀಲ್ಸ್ ನೋಡ್ತಿರ್ತಾರೆ. ಟಿವೀಲಿ ಪೂರ್ತಿ ಎಚ್‌ಡಿ ಚಿತ್ರ ನೋಡೋಕೆ 5 ಎಂಬಿಪಿಎಸ್ ಸಾಕು ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳ್ತಾರೆ, 4ಕೆ ಅನ್ನೋದಕ್ಕೆ 15. ಎರಡು ಟಿವಿಗೆ 10 ಇಡಿ, ಕ್ಲಾಸಿಗೆ ಮೂರು ನಾಲ್ಕು, ವಿಡಿಯೋ ಕಾಲಿಗೆ ಎರಡು ಮೂರು, ರೀಲ್ಸಿನವರಿಗೆ ಒಂದತ್ತು ಇಟ್ಕೊಳ್ಳಿ. ಎಲ್ಲ ಕೂಡಿದ್ರೂ 30ರ ಒಳಗೇ. ನೀವು ತಿಂಗಳಿಗೆ ದುಡ್ಡು ಕಟ್ಟೋ ಪ್ಲಾನ್ 40, 50 ಎಂಬಿಪಿಎಸ್ ಇದ್ರೆ ನಮ್ಮಂಥ ಮನೆಗೆ ಧಾರಾಳ. ಹಂಗಿದ್ಮೇಲೆ ಹಿಂದಿನ ಕೋಣೇಲಿ ಯಾಕೆ ಸುತ್ತುತಾನೇ ಇರ್ತದೆ?

ಗೋಡೆ ಕಣ್ರವ್ವ, ಗೋಡೆ. ನಮ್ಮ ಹಳೇ ಮನೆ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಹಿಂದೆ ಸೇರಿಸಿದ ಎರಡು ಕೋಣೆ ಸಿಮೆಂಟಿಂದು, ಕಬ್ಬಿಣ ಕಟ್ಟಿ ಹಾಕಿದ್ದು. ಮಧ್ಯದಲ್ಲಿ ಕಬ್ಬಿಣದ ಬೀರು, ರಾಗಿ ತುಂಬಿದ ತಗಡಿನ ಡ್ರಮ್ಮು, ಫ್ರಿಜ್ಜು. ವೈಫೈ ಅನ್ನೋದು ಬೆಳಕಿನ ಜಾತಿಯದೇ, ಕಣ್ಣಿಗೆ ಕಾಣಲ್ಲ ಅಷ್ಟೆ. ಕಬ್ಬಿಣ ಕಂಡ್ರೆ ವಾಪಸ್ ಹೊಡೀತದೆ, ದಪ್ಪ ಗೋಡೆ ಕಂಡ್ರೆ ಸೊರಗ್ತದೆ, ಮಳೇಲಿ ನೆಂದ ಮಣ್ಣಿನ ಗೋಡೆ ಇನ್ನೂ ಜಾಸ್ತಿ ಕುಡೀತದೆ. ಡಬ್ಬಿಯಿಂದ ಎರಡು ಥರದ ಅಲೆ ಬರ್ತವೆ. 2.4 ಗಿಗಾಹರ್ಟ್ಸ್ ಅನ್ನೋದು ಗೋಡೆ ದಾಟಿ ದೂರ ಹೋಗ್ತದೆ, ನಡಿಗೆ ನಿಧಾನ. 5 ಗಿಗಾಹರ್ಟ್ಸ್ ಬಹಳ ಚುರುಕು, ಆದ್ರೆ ಎರಡು ಗೋಡೆ ದಾಟೋ ಹೊತ್ತಿಗೆ ಉಸಿರು ಬಿಡ್ತದೆ. ನಮ್ಮ ಕೊಟ್ಟಿಗೆ ಕ್ಯಾಮೆರಾದಂಥ ಸಣ್ಣ ಸಾಮಾನು ಬಹುಪಾಲು 2.4ನ್ನೇ ನಂಬಿರ್ತವೆ. ಟಿವಿ, ಲ್ಯಾಪ್‌ಟಾಪ್, ಹೊಸ ಫೋನ್ 5ರಲ್ಲಿದ್ರೆ ಚೆಂದ. ಇಲ್ಲಿ ತೊಡಕು ಗೊತ್ತಾಯ್ತಲ್ಲ? ಚುರುಕಾದ ಅಲೆ ಜಗುಲೀಲೇ ಉಳೀತದೆ. ಒಳಗೆ ಕೂತೋರಿಗೆಲ್ಲ ನಿಧಾನದ ಅಲೆ ಒಂದರಲ್ಲೇ ಪಾಲು.

ಇನ್ನು ಡಬ್ಬಿ ಮೇಲಿನ ನಂಬರ್ ವಿಚಾರ. ಎಎಕ್ಸ್ 1500, ಎಎಕ್ಸ್ 3000 ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರೆ. 3000 ಅಂದ್ರೆ ಏನು? 2.4ರಲ್ಲಿ 574, 5ರಲ್ಲಿ 2402, ಎರಡನ್ನೂ ಕೂಡಿ ಮೇಲಕ್ಕೆ ದುಂಡು ಮಾಡಿದ್ದು. ಯಾವ ಫೋನೂ ಎರಡರಿಂದಲೂ ಒಟ್ಟಿಗೆ ಅಷ್ಟು ಎಳ್ಕೊಳ್ಳಲ್ಲ. ಅದೂ ಪಕ್ಕದಲ್ಲೇ ಇಟ್ಟಾಗ, ಲೆಕ್ಕದ ಪುಸ್ತಕದಲ್ಲಿ ಸಿಗೋ ವೇಗ. ಕಂಬದಿಂದ ಬರೋದೇ 50 ಆದ್ರೆ 3000ದ ಡಬ್ಬೀಲೂ 50ಕ್ಕಿಂತ ಒಂದು ತೊಟ್ಟು ಹೆಚ್ಚು ಬರಲ್ಲ. ಬಾವೀಲಿ ಇರೋಷ್ಟೇ ನೀರು, ಬಿಂದಿಗೆ ದೊಡ್ಡದಾದ್ರೆ ಏನು ಬಂತು? ಕೊಂಬಿನ ಲೆಕ್ಕವೂ ಹಂಗೇ. ಆರು ಕೊಂಬಿದ್ದದ್ದು ನಾಲ್ಕು ಕೊಂಬಿಗಿಂತ ಒಳ್ಳೇದು ಅಂತ ಹೇಳೋಕಾಗಲ್ಲ, ಕೊಂಬೇ ಕಾಣದ ಒಳ್ಳೇ ಡಬ್ಬಿಗಳೂ ಇವೆ. ಅಂಗಡಿಯವರಿಗೆ ಕೊಂಬು ತೋರ್ಸೋದು ಸುಲಭ, ಗೋಡೆ ಲೆಕ್ಕ ಹೇಳೋದು ಕಷ್ಟ.

ನಿಜವಾಗಿ ನೋಡಬೇಕಾದ ನಂಬರ್ ಬೇರೆ. ವೈಫೈ 4, 5, 6, 7 ಅಂತ ತಲೆಮಾರು ಬರ್ತವೆ. ನಾಲ್ಕು ಅನ್ನೋದು 2009ರ ಕಾಲದ್ದು. ಆರು 2019ರಿಂದ ಬಂತು, ಏಳು 2024ರಿಂದ. ಬಹಳ ಸಾಮಾನು ಇರೋ ಮನೆಗೆ ಆರು ಯಾಕೆ ಬೇಕು ಅಂದ್ರೆ, ಅದು ಬಡಿಸೋ ರೀತಿ ಬೇರೆ. ಹಳೇ ಡಬ್ಬಿ ಒಂದು ಎಲೆ ಮುಂದೆ ನಿಂತು ಬಡಿಸಿ, ಆಮೇಲೆ ಪಕ್ಕದ ಎಲೆಗೆ ಹೋಗ್ತದೆ. ಉಪ್ಪೊಂದೇ ಕೇಳಿದೋರಿಗೂ ಒಂದು ಪೂರ್ತಿ ಸರದಿ. ವೈಫೈ 6 ಹಂಗಲ್ಲ. ಒಂದೇ ತಟ್ಟೇಲಿ ನಾಲ್ಕೈದು ಎಲೆಗೆ ಬೇಕಾದ್ದನ್ನ ಸ್ವಲ್ಪ ಸ್ವಲ್ಪ ಇಟ್ಕೊಂಡು ಒಂದೇ ಸುತ್ತಲ್ಲಿ ಹಾಕ್ತದೆ. ವಾಟ್ಸಾಪ್ ಮೆಸೇಜು, ಸ್ಪೀಕರು, ವಾಯ್ಸ್ ಕಾಲು, ಇಂಥ ಸಣ್ಣ ಸಣ್ಣ ಕೆಲಸ ಬಹಳ ಇರೋ ಮನೇಲಿ ಇದರಿಂದ ಕಾಯೋದು ಕಡಿಮೆ ಆಗ್ತದೆ. ಆದ್ರೆ ಫೋನೂ ವೈಫೈ 6ರದ್ದೇ ಆಗಿರ್ಬೇಕು. ಐದಾರು ವರ್ಷದ ಹಳೇ ಫೋನ್‌ಗೆ ಹೊಸ ಡಬ್ಬಿ ಹೊಂದ್ಕೊಳ್ತದೆ, ಹಳೇ ರೀತೀಲೇ ಬಡಿಸ್ತದೆ. ಏಳನೇದಕ್ಕೆ ನಮ್ಮಂಥೋರು ಈಗ ದುಡ್ಡು ಹಾಕೋದು ಬೇಡ ಅಂತೀನಿ. ಅದನ್ನ ಬಳಸೋ ಫೋನ್ ಮನೇಲಿ ಎಷ್ಟಿವೆ ಹೇಳಿ?

ಇನ್ನೊಂದು, ಡಬ್ಬಿ ಹಿಂದಿನ ತೂತುಗಳನ್ನ ನೋಡಿ. ಕೆಲವು ಕಡಿಮೆ ಬೆಲೆಯವುಗಳಲ್ಲಿ ಆ ಪೋರ್ಟ್ 100 ಎಂಬಿಪಿಎಸ್‌ದು. ಮುಂದೆ ನೀವು 200ರ ಪ್ಲಾನ್ ಹಾಕಿಸಿದ್ರೂ ಅಲ್ಲೇ ಕತ್ತು ಹಿಸುಕಿದ ಹಂಗಾಗಿ ನೂರರೊಳಗೇ ನಿಲ್ತದೆ. ಗಿಗಾಬಿಟ್ ಪೋರ್ಟ್ ಇದೆಯಾ, ಡಬ್ಲ್ಯುಪಿಎ3 ಇದೆಯಾ ಅಂತ ಎರಡೇ ಮಾತು ಕೇಳಿ. ವೈಫೈ 6, ಎರಡೂ ಅಲೆ, ಗಿಗಾಬಿಟ್ ಪೋರ್ಟ್ ಇರೋದು ಮೂರು ನಾಲ್ಕು ಸಾವಿರದೊಳಗೇ ಸಿಗ್ತದೆ. ಅದಕ್ಕಿಂತ ಮೇಲೆ ಹೋಗ್ಬೇಡಿ.

ನಾವು ಮನೇಲಿ ಏನು ಮಾಡಿದ್ವಿ ಅಂದ್ರೆ, ಕಂಪನಿಯವರ ಡಬ್ಬೀನ ಜಗುಲೀಲೇ ಬಿಟ್ವಿ. ಅದರ ಒಳಗೆ ಬರೋ ಫೈಬರ್ ವೈರು ಗಾಜಿನ ಎಳೆ, ಬಗ್ಗಿಸಿ ಮೊಳೆ ಹೊಡೆದ್ರೆ ಮುರೀತದೆ, ಅದನ್ನ ಮುಟ್ಟೋ ಗೋಜಿಗೆ ಹೋಗ್ಲಿಲ್ಲ. ಆ ಡಬ್ಬಿಯಿಂದ ಒಂದು ಲ್ಯಾನ್ ಕೇಬಲ್ಲು, ನಮಗೆ ಹದಿನೆಂಟು ಮೀಟರ್ ಬೇಕಾಯ್ತು, ತೊಲೆ ಮೇಲೆ ಎಳ್ಕೊಂಡು ಬಂದು ನಡುಮನೆಗೂ ಅಡುಗೆಮನೆಗೂ ನಡುವಿನ ಬಾಗಿಲ ಮೇಲೆ ನಮ್ಮ ಸ್ವಂತ ರೌಟರ್ ಇಟ್ವಿ. ಆಳೆತ್ತರಕ್ಕಿಂತ ಮೇಲೆ, ಬಯಲಾಗಿ, ಬೀರೂಗೆ ದೂರ. ಈ ಕೇಬಲ್ಲು ನೂರು ಮೀಟರ್ ತನಕ ಸೊರಗಲ್ಲ, ಎಂಥ ದಪ್ಪ ಗೋಡೆ ಇದ್ರೂ ಅದಕ್ಕೆ ಲೆಕ್ಕ ಇಲ್ಲ. ಎರಡನೇ ರೌಟರನ್ನ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಹಾಕಿ ಅಂತ ಹೇಳಿದ್ರೆ ಹಾಕೋಕೆ ಬಂದ ಹುಡುಗನಿಗೆ ಅರ್ಥ ಆಗ್ತದೆ. ಹಂಗೆ ಮಾಡಿದ್ರೆ ಎರಡು ಡಬ್ಬಿ ಒಂದಕ್ಕೊಂದು ಅಡ್ಡ ಬರಲ್ಲ. ನಡುಮನೆ ಟಿವಿಗೂ ಒಂದು ಕೇಬಲ್ ಚುಚ್ಚಿದ್ವಿ. ಇದು ಬಹಳ ಮುಖ್ಯ. ಅಲ್ಲಾಡದ ಸಾಮಾನಿಗೆ ವೈರು, ಕೈಯಲ್ಲಿ ಓಡಾಡೋದಕ್ಕೆ ವೈಫೈ. ಸಂಜೆ ಹೊತ್ತು ಎಲ್ಲಾರಿಗಿಂತ ಹೆಚ್ಚು ಉಣ್ಣೋದು ಟಿವಿ. ಅದನ್ನ ಪಂತಿಯಿಂದ ಎಬ್ಬಿಸಿ ಬೇರೆ ಕೂರ್ಸಿದ್ರೆ ಮಿಕ್ಕೋರಿಗೆಲ್ಲ ಜಾಗ ಆಗ್ತದೆ.

ಬರೋ ನೀರಿನ ಲೆಕ್ಕ ಎಲ್ಲಾರೂ ಮಾಡ್ತಾರೆ, ಹೋಗೋ ನೀರಿನ ಲೆಕ್ಕ ಮರೀತಾರೆ. ಮದುವೆ ಮುಗಿಸ್ಕೊಂಡು ಬಂದ ರಾತ್ರಿ ಯಾವ ಫೋನೂ ನಡೆಯಲ್ಲ ಅಂತ ಗಮನಿಸಿದ್ದೀರಾ? ಒಂದೊಂದು ಫೋನಲ್ಲೂ ಮುನ್ನೂರು ನಾನೂರು ಫೋಟೋ, ಮನೆ ವೈಫೈ ಸಿಕ್ಕ ತಕ್ಷಣ ಎಲ್ಲ ತಮ್ಮ ಪಾಡಿಗೆ ತಾವು ಮೇಲಕ್ಕೆ ಕಳಿಸೋಕೆ ಶುರು ಮಾಡ್ತವೆ. ಹೋಗೋ ದಾರಿ ಕಟ್ಕೊಂಡ್ರೆ ಬರೋ ದಾರೀನೂ ನಿಂತ ಹಂಗೇ, ಯಾಕಂದ್ರೆ "ಕಳಿಸು" ಅಂತ ಕೇಳೋ ಮಾತೂ ಅದೇ ದಾರೀಲಿ ಹೋಗ್ಬೇಕು. ಕ್ಯಾಮೆರಾನೂ ಇದೇ ಥರ. ಕೊಟ್ಟಿಗೆ ಕ್ಯಾಮೆರಾ ದಿನವೆಲ್ಲ ಚಿತ್ರ ತೆಗೆದು ಕಂಪನಿ ಕಂಪ್ಯೂಟರಿಗೆ ಕಳಿಸ್ತಾ ಇದ್ರೆ ಹಗಲೂ ರಾತ್ರಿ ನಲ್ಲಿ ಬಿಟ್ಟ ಹಂಗೆ. ಅದರೊಳಗೆ ಮೆಮೊರಿ ಕಾರ್ಡ್ ಹಾಕಿ ಅಲ್ಲೇ ಉಳಿಸ್ಕೋ ಅಂದ್ರೆ, ನಾವು ತೆಗೆದು ನೋಡಿದಾಗ ಮಾತ್ರ ದಾರಿ ಕೇಳ್ತದೆ. ನಮ್ಮನೇಲಿ ಫೋಟೋ ಕಳ್ಸೋದನ್ನ ಎಲ್ಲಾರ ಫೋನಲ್ಲೂ ನಿಲ್ಲಿಸಿ, ಮಲಗೋ ಮುಂಚೆ ಆನ್ ಮಾಡೋ ಕಟ್ಟಳೆ ಮಾಡಿದ್ದೀವಿ. ಮೈದುನ ಮೊದಮೊದಲು ಗೊಣಗಿದ.

ಕರೆಂಟಿನ ಮಾತು ಹೇಳದೆ ನಮ್ಮ ಕಡೆ ರೌಟರ್ ಮಾತು ಮುಗಿಯಲ್ಲ. ಬೇಸಿಗೆ ಮಳೆ ಗುಡುಗು ಶುರುವಾದ್ರೆ ಚೆಸ್ಕಾಂನವರು ಲೈನ್ ತೆಗೀತಾರೆ, ತೆಗೀಲೇಬೇಕು, ಕೊಂಬೆ ಬಿದ್ದಿರ್ತದೆ. ಆನೆ ಕಂಬ ಕೆಡವಿದ್ರೆ ಕೇಳೋದೇ ಬೇಡ. ರೌಟರ್ ಕುಡಿಯೋದು ಸಣ್ಣ ಕರೆಂಟು, ಬಹಳಷ್ಟು ಡಬ್ಬಿ 12 ವೋಲ್ಟಲ್ಲಿ ನಡೀತವೆ. ಅದಕ್ಕಂತಲೇ ಸಣ್ಣ ಯುಪಿಎಸ್ ಸಿಗ್ತದೆ, ಟಿಫಿನ್ ಡಬ್ಬಿಗಿಂತ ಚಿಕ್ಕದು, ಒಂದೂವರೆ ಎರಡು ಸಾವಿರದ ಆಸುಪಾಸು, ಕೆಲವು ಗಂಟೆ ನಡೆಸ್ತದೆ. ತಗೊಳ್ಳುವಾಗ ನಿಮ್ಮ ಡಬ್ಬಿ ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟು, ಆಂಪಿಯರ್ ಎರಡನ್ನೂ ಫೋಟೋ ತೆಗೆದು ಅಂಗಡೀಲಿ ತೋರ್ಸಿ. ಎರಡು ಡಬ್ಬಿ ಇದ್ರೆ ಎರಡಕ್ಕೂ ಬೇಕು, ಒಂದಕ್ಕೆ ಹಾಕಿ ಇನ್ನೊಂದು ಬಿಟ್ರೆ ಪ್ರಯೋಜನ ಇಲ್ಲ. ಮುಂಚೇನೇ ಒಂದು ಪರೀಕ್ಷೆ ಮಾಡಿ: ಇಡೀ ಊರಿಗೆ ಕರೆಂಟ್ ಹೋದಾಗ ಇನ್ವರ್ಟರ್ ಇರೋರ ಮನೇಲಿ ನೆಟ್ ಬರ್ತಾ ಇರ್ತದಾ ಅಂತ ಕೇಳಿ. ಕಂಪನಿಯವರ ಪೆಟ್ಟಿಗೆಗೇ ಬ್ಯಾಟರಿ ಇಲ್ಲದಿದ್ರೆ ನಿಮ್ಮ ಯುಪಿಎಸ್ ಏನೂ ಮಾಡಲ್ಲ, ಆ ದುಡ್ಡು ಉಳಿಸ್ಕೊಳ್ಳಿ. ಇನ್ನು ಗುಡುಗು ಸಿಡಿಲು ಜೋರಾದ್ರೆ ಯುಪಿಎಸ್ ಇದ್ರೂ ಗೋಡೆ ಪ್ಲಗ್ಗು ಕಿತ್ತುಬಿಡಿ. ಗಾಜಿನ ಎಳೇಲಿ ಸಿಡಿಲು ಹರಿಯಲ್ಲ, ಕರೆಂಟ್ ವೈರಲ್ಲಿ ಹರೀತದೆ.

ಹೊಸ್ತೊಡಕಿಗೆ ನಮ್ಮನೇಲಿ ಎಷ್ಟು ಎಲೆ ಬೀಳ್ತವೆ ಅಂತ ನಿಮಗೆಲ್ಲ ಗೊತ್ತು. ಬಂದೋರೆಲ್ಲ ಚಪ್ಪಲಿ ಬಿಟ್ಟ ತಕ್ಷಣ ಕೇಳೋದು ಪಾಸ್‌ವರ್ಡು, ನೀರು ಆಮೇಲೆ. ಹದಿನೈದಿದ್ದದ್ದು ಮೂವತ್ತೈದಾಗ್ತದೆ. ಇದಕ್ಕೆ ಗೆಸ್ಟ್ ನೆಟ್‌ವರ್ಕ್ ಅಂತ ಒಂದು ಉಪಾಯ ಈಗಿನ ರೌಟರ್‌ಗಳಲ್ಲಿ ಇದೆ. ಬೇರೆ ಹೆಸರು, ಬೇರೆ ಪಾಸ್‌ವರ್ಡು. ಬಂದೋರು ಅದರಲ್ಲಿ ಇರ್ತಾರೆ, ನಮ್ಮ ಕ್ಯಾಮೆರಾ ಲ್ಯಾಪ್‌ಟಾಪ್ ಕಡೆ ಅವರಿಗೆ ದಾರಿ ಇರಲ್ಲ, ಹಬ್ಬ ಮುಗಿದ ಮೇಲೆ ಬಂದ್ ಮಾಡಬಹುದು. ಅಕ್ಕಪಕ್ಕದ ಮಕ್ಕಳಿಗೂ ನಾನು ಅದನ್ನೇ ಕೊಡೋದು. ಕೊಡಬೇಡಿ ಅಂತ ಹೇಳೋರು ಇದ್ದಾರೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ಸರ್ಕಾರ ವಿದ್ಯಾಗಮ ಅಂತ ಮಾಡಿ ಮೇಷ್ಟ್ರನ್ನೇ ಮಕ್ಕಳಿದ್ದ ಕಡೆ ಕಳಿಸ್ತು, ಯಾಕಂದ್ರೆ ನೆಟ್ ಇಲ್ಲದ ಮನೆಗಳೇ ಜಾಸ್ತಿ. ಆ ವರ್ಷ ನೋಡಿದ ಮೇಲೆ, ಪಕ್ಕದ ಮನೆ ಹುಡುಗ ಪಾಠ ನೋಡೋಕೆ ಬಂದ್ರೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ಯಾರ್ಯಾರಿಗೆ ಕೊಟ್ಟಿದ್ದೀವಿ ಅನ್ನೋ ಲೆಕ್ಕ ಇರಲಿ. ನಮ್ಮ ನೆಟ್ಟಲ್ಲಿ ಯಾರಾದ್ರೂ ತರಲೆ ಮಾಡಿದ್ರೆ ಮೊದಲು ಕೇಳೋದು ಕನೆಕ್ಷನ್ ಯಾರ ಹೆಸರಲ್ಲದೆಯೋ ಅವರನ್ನೇ. ಡಬ್ಬಿ ತಳದಲ್ಲಿ ಅಂಟಿಸಿರೋ ಪಾಸ್‌ವರ್ಡನ್ನ ಹಂಗೇ ಬಿಡೋದಂತೂ ಬೀಗದ ಕೈ ಬಾಗಿಲಿಗೇ ನೇತಾಕಿದ ಹಂಗೆ.

ಈಗ ನನ್ನ ಜೊತೆ ಜಗಳಕ್ಕೆ ಬರೋರ ಮಾತು. ನಮ್ಮ ದೊಡ್ಡವ್ವನೇ ಅಂದ್ರು: "ಒಳಗೆ ಚೆಂದಾಗಿ ಬರೋದು ಬ್ಯಾಡ ಕಣವ್ವ, ಜಗುಲೀಲಿದ್ರೆ ಐಕ್ಳು ಏನು ನೋಡ್ತವೆ ಅಂತ ಕಣ್ಣಿಗೆ ಕಾಣ್ತದೆ. ಕೋಣೆ ಬಾಗ್ಲಾಕಂಡು ಕೂತ್ರೆ ಯಾರಿಗೆ ಗೊತ್ತು?" ಇದನ್ನ ತಳ್ಳಿಹಾಕೋಕಾಗಲ್ಲ, ಮಕ್ಕಳ ವಿಷಯದಲ್ಲಿ ಎಲ್ಲಾ ತಾಯಂದಿರಿಗೂ ಇರೋ ಭಯವೇ. ಆದ್ರೆ ಸಿಗ್ನಲ್ ಕೆಡಿಸಿ ಮಕ್ಕಳನ್ನ ತಿದ್ದೋಕಾಗ್ತದಾ? ಆಟ ಆಡೋನು ಡೌನ್‌ಲೋಡ್ ಮಾಡ್ಕೊಂಡು ಆಡ್ತಾನೆ, ಕೆಟ್ಟದ್ದು ನೋಡೋನು ಸ್ನೇಹಿತನ ಮನೇಲಿ ನೋಡ್ತಾನೆ. ಕೆಟ್ಟ ಸಿಗ್ನಲ್ಲಿಂದ ಏಟು ತಿನ್ನೋದು ಹಿಂದಿನ ಕೋಣೇಲಿ ಪರೀಕ್ಷೆಗೆ ಓದೋ ಹುಡುಗಿ ಒಬ್ಬಳೇ. ಗಂಡುಮಕ್ಕಳು ಜಗುಲಿಗೋ ಅರಳಿಕಟ್ಟೆಗೋ ಹೋಗಿ ಕೂರ್ತಾರೆ, ಅವಳು ಹೋಗೋಕಾಗಲ್ಲ. ಹೊತ್ತು ಕಟ್ಟಬೇಕು ಅಂದ್ರೆ ರೌಟರ್‌ನಲ್ಲೇ ದಾರಿ ಇದೆ: ಈ ಟ್ಯಾಬಿಗೆ ರಾತ್ರಿ ಒಂಬತ್ತರ ಮೇಲೆ ಬೇಡ, ಈ ಫೋನಿಗೆ ಹತ್ತರ ಮೇಲೆ ಬೇಡ ಅಂತ ಒಂದೊಂದಕ್ಕೂ ಬೇರೆ ಬೇರೆ ಹೊತ್ತು ಇಡಬಹುದು. ಆ ಪಾಸ್‌ವರ್ಡ್ ಮನೇಲಿ ಯಾರ ಹತ್ರ ಇರ್ಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ನಮ್ಮನೇಲಿ ನನ್ನ ಹತ್ರ ಇದೆ. ದೊಡ್ಡವ್ವ ಇನ್ನೂ ಒಪ್ಪಿಲ್ಲ, ಅದು ಬೇರೆ.

ಇನ್ನೊಂದು ಮಾತು, "ಹೆಂಗಸರಿಗೆ ಇದೆಲ್ಲ ಏನು ತಿಳೀತದೆ" ಅನ್ನೋದು. ಇದಕ್ಕೆ ಉತ್ತರ ಕೊಡೋಕೆ ಹೋಗ್ಬೇಡಿ. ಫೋನ್ ಹಿಡ್ಕೊಂಡು ಮನೆ ಸುತ್ತಿ ಬನ್ನಿ. ವೈಫೈ ಅನಲೈಸರ್ ಥರದ ಆಪ್ ಪುಕ್ಕಟೆ ಸಿಗ್ತವೆ, ಒಂದು ನಂಬರ್ ತೋರಿಸ್ತವೆ, ಮುಂದೆ ಮೈನಸ್ ಗುರುತು ಇರ್ತದೆ. ಮೈನಸ್ 50 ಅಂದ್ರೆ ಬಹಳ ಚೆನ್ನ. ಮೈನಸ್ 67ರ ತನಕ ವಿಡಿಯೋ ಕಾಲ್ ಸಲೀಸು. ಮೈನಸ್ 80 ಆಯ್ತೋ, ಅಲ್ಲಿ ನೆಟ್ ಇದ್ದೂ ಇಲ್ಲ. ಜಗುಲಿ, ನಡುಮನೆ, ಒಲೆ ಹತ್ರ, ಮಗಳು ಓದೋ ಜಾಗ, ಅತ್ತೆ ಮಲಗೋ ಮಂಚ, ಐದು ಕಡೆ ನೋಡಿ ಒಂದು ಚೀಟೀಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ನಮ್ಮನೇಲಿ ಜಗುಲೀಲಿ ಮೈನಸ್ 38, ಓದೋ ಕೋಣೇಲಿ ಮೈನಸ್ 84 ಇತ್ತು. ಡಬ್ಬಿ ನಡುಮನೆಗೆ ಬಂದ ಮೇಲೆ ಓದೋ ಕೋಣೇದು ಮೈನಸ್ 63 ಆಯ್ತು, ಜಗುಲೀದು 60ಕ್ಕೆ ಇಳೀತು. ಜಗುಲೀಲಿ ಕೂರೋರು ಕ್ರಿಕೆಟ್ ಈಗಲೂ ನೋಡ್ತಾರೆ, ನಿಂತಿಲ್ಲ.

ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ. 2023ರ ಆಗಸ್ಟಲ್ಲಿ ಮೈಸೂರಲ್ಲೇ ಶುರುವಾದ ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ ಎರಡು ಸಾವಿರ. ನನ್ನ ರೌಟರ್ ಎರಡು ಕಂತಲ್ಲಿ ಬಂತು, ಕೇಬಲ್ಲೂ ಯುಪಿಎಸ್ಸೂ ಮೂರನೇ ಕಂತು ಪೂರ್ತಿ ತಿಂದು ಮೇಲೆ ಸ್ವಲ್ಪ ಕೇಳ್ತು. ನಾನೇ ಮುಂದೆ ಮಾಡೋದಾಗಿದ್ರೆ ಹೇಳ್ತೀನಿ: ಮೊದಲು ಕೇಬಲ್ ಎಳೆದು ಇರೋ ಡಬ್ಬೀನೇ ನಡುವೆ ತರೋಕಾಗ್ತದಾ ನೋಡಿ, ಟಿವಿಗೆ ವೈರ್ ಚುಚ್ಚಿ, ಒಂದು ವಾರ ಸುಮ್ಮನೆ ಇರಿ. ಬಹಳ ಮನೇಲಿ ಅಲ್ಲಿಗೇ ಮುಗೀತದೆ, ಹೊಸ ರೌಟರ್ ಬೇಕೇ ಆಗಲ್ಲ.

ಚಿಕ್ಕವ್ವ ಮೆಶ್ ಅಂತ ಯಾರೋ ಹೇಳಿದ್ರು, ಎರಡು ಮೂರು ಡಬ್ಬಿ ಸೇರಿ ಒಂದೇ ಹೆಸರಲ್ಲಿ ಮನೆಯೆಲ್ಲ ಹರಡ್ತದಂತೆ, ತಗೊಳ್ಳಲಾ ಅಂತ ಕೇಳಿದ್ರು. ಚಿಕ್ಕವ್ವನ ಮನೆ ಉದ್ದ, ಮೇಲೆ ಮಹಡಿ ಬೇರೆ, ಅವರಿಗೆ ಅದು ಹೊಂದಬಹುದು. ಆದ್ರೆ ಎರಡು ಡಬ್ಬೀನೂ ದಪ್ಪ ಗೋಡೆ ಆಚೆ ಈಚೆ ಇಟ್ಟು ಗಾಳೀಲೇ ಮಾತಾಡಿಸಿದ್ರೆ ಮೊದಲಿನ ಕಥೇನೇ, ಎರಡನೇ ಡಬ್ಬಿಗೆ ಸಿಗೋದೇ ಸೊರಗಿದ ಸಿಗ್ನಲ್ಲು, ಅದು ಹಂಚೋದು ಇನ್ನೆಲ್ಲಿಂದ? ಎರಡರ ನಡುವೆ ಕೇಬಲ್ ಎಳೆಯೋದಿದ್ರೆ ತಗೊಳ್ಳಿ, ಇಲ್ಲಾಂದ್ರೆ ಬೇಡ ಅಂದೆ. ಬರೋ ಭಾನುವಾರ ತೊಲೆ ಮೇಲೆ ಕೇಬಲ್ ಹೋಗ್ತದಾ ಅಂತ ನೋಡೋಕೆ ಸರಗೂರಿಗೆ ಹೋಗ್ತಿದ್ದೀನಿ, ಆ ಕಡೆಯವರು ಯಾರಾದ್ರೂ ಮನೆ ನೋಡಿ ಅಂದ್ರೆ ಹಿಂದಿನ ದಿನವೇ ಒಂದು ಮಾತು ಹೇಳಿ, ಅಳತೆ ಟೇಪು ಜೊತೇಲಿ ತರ್ತೀನಿ.